ಎಳೆ ಗಿಡದ ಕಡ್ಡಿ

ಕಸಿ ಮೇಸ್ತ್ರಿಗೆ ಯಾರ ಮಾತನ್ನೂ ಕೊನೆಯವರೆಗೆ ಕೇಳುವ ಅಭ್ಯಾಸ ಇರಲಿಲ್ಲ. ಅರ್ಧ ಕೇಳಿದರೆ ಸಾಕು, ಮಿಕ್ಕಿದ್ದು ತನಗೇ ಗೊತ್ತು ಎನ್ನುವವರ ಪೈಕಿ. ನಲವತ್ತು ವರ್ಷ ನರ್ಸರಿಯಲ್ಲಿ ಕೂತು ಒಂದು ಗಿಡದ ಕಡ್ಡಿಯನ್ನು ಇನ್ನೊಂದು ಗಿಡದ ಬುಡಕ್ಕೆ ಕೂಡಿಸಿದವನು. ಗಿಡಗಳು ಎದುರು ಮಾತಾಡುವುದಿಲ್ಲ, ಹಾಗಾಗಿ ಮನುಷ್ಯರೂ ಆಡಬಾರದು ಎಂದು ಅವನ ಲೆಕ್ಕ. ಈ ಮನೆಯಲ್ಲಿ ಆಗಬಾರದ್ದು ಆದದ್ದು ಅವನು ಕೇಳಿಸಿಕೊಳ್ಳದೆ ಬಿಟ್ಟ ಅರ್ಧ ಮಾತಿನಿಂದ.

ಆವತ್ತು ಅವನು ಆಸ್ಪತ್ರೆಯಿಂದ ಬಂದಾಗ ಅವನ ಹೆಂಡತಿ ನಡುಕೋಣೆಯ ಮಂಚದ ಮೇಲೆ ಮಲಗಿದ್ದಳು. ನರ್ಸರಿಗೆ ಬರುವ ಗಿರಾಕಿಗಳೆಲ್ಲ ಅವಳನ್ನು ಬುಟ್ಟಿಯಮ್ಮ ಎಂದೇ ಕರೆಯುತ್ತಿದ್ದರು. ಮಣ್ಣಾಗಲಿ, ಗೊಬ್ಬರವಾಗಲಿ, ಕುಂಡವಾಗಲಿ, ತಲೆಯ ಮೇಲೆ ಬುಟ್ಟಿ ಇಲ್ಲದೆ ಅವಳನ್ನು ನೋಡಿದವರು ಕಡಿಮೆ. ಹೊತ್ತು ಹೊತ್ತು ಸೊಂಟದ ಹತ್ತಿರ ಬೆನ್ನುಮೂಳೆಯ ಒಂದು ಮಣಿ ಇನ್ನೊಂದರ ಮೇಲಿಂದ ಜಾರಿತ್ತು. ಹೋದ ವರ್ಷ ಆಪರೇಶನ್ ಮಾಡಿ ಕಂಬಿ, ಸ್ಕ್ರೂ ಹಾಕಿ ಎರಡು ಮಣಿಗಳನ್ನೂ ಹಿಡಿದು ನಿಲ್ಲಿಸಿದ್ದರು. ಕಂಬಿ ಬರೀ ಆಸರೆ, ಅದರ ನೆರಳಲ್ಲಿ ಮೂಳೆಗೆ ಮೂಳೆ ಬೆಳೆದು ಎರಡೂ ಒಂದಾಗಬೇಕು ಎಂದಿದ್ದರು ಡಾಕ್ಟರು. ಮೂಳೆ ಬೆಳೆಯಲಿಲ್ಲ. ಒಂದು ಸ್ಕ್ರೂ ಸಡಿಲವಾಗಿ, ಎದ್ದು ಕೂತರೆ ಹಿಮ್ಮಡಿಯವರೆಗೆ ಉರಿ. ಸೊಸೆ ಕೈಹಿಡಿದು ಎತ್ತದೆ ಬಚ್ಚಲಿಗೂ ಹೋಗುವಂತಿರಲಿಲ್ಲ. ಬುಟ್ಟಿಯಮ್ಮನಿಗೆ ಬೇಕಾಗಿದ್ದು ಇಷ್ಟೇ: ತನ್ನ ಕಾಲ ಮೇಲೆ ತಾನು ಎದ್ದು ನಿಲ್ಲುವುದು, ಮಕ್ಕಳಿಗೆ ಭಾರವಾಗದೆ ಇರುವುದು.

"ಏನಂದ್ರು?" ಎಂದಳು ಮಲಗಿದಲ್ಲಿಂದಲೇ.

"ಮೊದಲು ಊಟ," ಎಂದ ಮೇಸ್ತ್ರಿ. ತಟ್ಟೆ ಮುಂದೆ ಕೂತು, ಮಗ ಸೊಸೆ ಇಬ್ಬರೂ ಬಂದ ಮೇಲೆ ಬಾಯಿಬಿಟ್ಟ. "ಇನ್ನೊಂದು ಆಪರೇಶನ್ ಆಗ್ಬೇಕಂತೆ. ಈ ಸಲ ಬರೀ ಸ್ಕ್ರೂ ಬಿಗಿ ಮಾಡೋದಲ್ಲ. ಸೊಂಟದ ಮೂಳೆಗೆ ದಪ್ಪ ಸೂಜಿ ಹಾಕಿ ಮಜ್ಜೆ ತೆಗೀತಾರೆ. ಅದನ್ನ ಒಂದು ಮಿಶನ್ನಲ್ಲಿ ತಿರುಗಿಸಿ, ಮೂಳೆ ಬೆಳೆಸೋ ಜೀವಕೋಶ ಅಷ್ಟನ್ನೂ ಒಟ್ಟು ಮಾಡಿ, ಮೂಳೆ ಚೂರಿನ ಜೊತೆ ಕಲಸಿ ಇವಳ ಬೆನ್ನಲ್ಲಿ ತುಂಬ್ತಾರೆ. ಆಗ ಹತ್ತುತ್ತೆ."

"ಗ್ಯಾರಂಟೀನಾ?" ಎಂದ ಮಗ. ನರ್ಸರಿಯ ಗೂಡ್ಸ್ ಗಾಡಿ ಓಡಿಸುವವನು ಅವನೇ. ಗಿಡ ಕೊಂಡವರಿಂದ ಅದೇ ಪ್ರಶ್ನೆ ಕೇಳಿ ಕೇಳಿ ಅಭ್ಯಾಸ.

"ಗ್ಯಾರಂಟಿ ಕೊಡೋಕೆ ಅವರೇನು ಮಿಕ್ಸಿ ಮಾರ್ತಾರಾ? ಹತ್ತೋ ಸಾಧ್ಯತೆ ಜಾಸ್ತಿ ಅಂದ್ರು."

"ಮಜ್ಜೆ ಯಾರದು ಮಾವ?" ಎಂದಳು ಸೊಸೆ.

ಮೇಸ್ತ್ರಿ ಅನ್ನ ಕಲಸುವುದನ್ನು ನಿಲ್ಲಿಸಿ ಸೊಸೆಯನ್ನು ನೋಡಿದ, ದಡ್ಡ ಗಿರಾಕಿಯನ್ನು ನೋಡುವ ಹಾಗೆ. "ಯಾರದು ಅಂದ್ರೆ? ಮಕ್ಕಳದು."

"ಡಾಕ್ಟರು ಹಾಗಂದ್ರಾ?"

"ಅದನ್ನೂ ಅವರ ಬಾಯಲ್ಲೇ ಕೇಳ್ಬೇಕೇನಮ್ಮ? ಮುದಿ ಗಿಡದ ಕಡ್ಡಿ ತಂದು ಮುದಿ ಗಿಡಕ್ಕೇ ಕಟ್ಟಿದ್ರೆ ಎಲ್ಲಾದ್ರೂ ಚಿಗುರಿದ್ದುಂಟಾ? ಇವಳ ಮಜ್ಜೇಲಿ ಸತ್ವ ಇದ್ದಿದ್ರೆ ಹೋದ ವರ್ಷವೇ ಹತ್ತಿರೋದು. ಎಳೇದು ಬೇಕು, ಅದೇ ವಂಶದ್ದು ಬೇಕು. ಇದು ನನಗೆ ಯಾರೂ ಹೇಳ್ಕೊಡೋದು ಬೇಡ."

ಮಗ ನಕ್ಕ. "ನಾನೇನು ಗುಲಾಬಿ ಗಿಡಾನಾ ಅಪ್ಪ, ಕಡ್ಡಿ ಕತ್ತರಿಸ್ಕೊಂಡು ಹೋಗೋಕೆ?" ಅವನ ಜೊತೆ ಯಾರೂ ನಗಲಿಲ್ಲ. ಅವನೂ ತಟ್ಟೆ ನೋಡುತ್ತ ಬೇಗ ಬೇಗ ಊಟ ಮುಗಿಸಿದ.

"ನನಗೆ ಯಾರ ಮಜ್ಜೆನೂ ಬೇಡ ರೀ," ಎಂದಳು ಬುಟ್ಟಿಯಮ್ಮ.

"ನೀನು ಸುಮ್ನಿರು. ಕಡ್ಡಿ ಕಟ್ಟುವಾಗ ಬುಡದ ಗಿಡವನ್ನ ಯಾರೂ ಕೇಳಲ್ಲ."

ಅಲ್ಲಿಂದ ಮನೆಯಲ್ಲಿ ಒಂದು ಊಟವೂ ನೆಮ್ಮದಿಯಾಗಿ ಮುಗಿಯಲಿಲ್ಲ. ಮೇಸ್ತ್ರಿ ತುತ್ತಿಗೊಂದು ಸಲ ಆ ಮಾತನ್ನೇ ತೆಗೆಯುತ್ತಿದ್ದ. ಮಗ ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎಂದೂ ಅನ್ನಲಿಲ್ಲ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ, ನೋಡೋಣ, ಈ ವಾರ ಲೋಡು ಜಾಸ್ತಿ, ಮುಂದಿನ ವಾರ ಟೆಸ್ಟ್ ಮಾಡಿಸ್ತೀನಿ ಎನ್ನುತ್ತಿದ್ದ. ಆಮೇಲಾಮೇಲೆ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಗಾಡಿ ತೆಗೆದು ಹೊರಟು, ಊಟವನ್ನೂ ಹೊರಗೇ ಮಾಡಿ ಬರತೊಡಗಿದ.

ಒಂದು ಮಧ್ಯಾಹ್ನ ಸೊಸೆಯೇ ಬಾಯಿಬಿಟ್ಟಳು. ಅತ್ತೆಯ ಬೆನ್ನು ಒರೆಸುತ್ತಿದ್ದಳು, ಮೇಸ್ತ್ರಿ ಹೊಸ್ತಿಲಲ್ಲಿ ನಿಂತು ಮಗನನ್ನು ಬೈಯುತ್ತಿದ್ದ.

"ಮಾವ, ಮೂರು ಹೊತ್ತು ಇವರನ್ನ ಎತ್ತಿ ಕೂರಿಸೋಳು ನಾನು. ನಾಳೆ ನನ್ನ ಗಂಡನ ಸೊಂಟಕ್ಕೂ ಸೂಜಿ ಹಾಕಿ ಅವರೂ ಮಂಚ ಹಿಡಿದ್ರೆ ಇಬ್ಬರನ್ನ ಎತ್ತೋರು ಯಾರು? ಗಾಡಿ ಓಡಿಸೋರು ಯಾರು? ಒಂದು ಸಲ ಆಸ್ಪತ್ರೆಗೆ ಫೋನ್ ಮಾಡಿ ಕೇಳೋಣ ಅಂದ್ರೆ ನಿಮಗೆ ಅವಮಾನ."

"ಮಾಡಮ್ಮ, ಮಾಡು. ನನ್ನ ಮಾತಿಗೆ ಈ ಮನೇಲಿ ಬೆಲೆ ಇಲ್ಲ ಅಂತ ಊರಿಗೆಲ್ಲ ಗೊತ್ತಾಗಲಿ."

ಅವಳು ಮಾಡಿಯೇ ಬಿಟ್ಟಳು. ಆಸ್ಪತ್ರೆಯ ಕೌಂಟರಿನ ಹುಡುಗಿ, ಅದೆಲ್ಲ ನಮಗೆ ಗೊತ್ತಾಗಲ್ಲ, ಅಡ್ಮಿಟ್ ಆಗೋ ದಿನ ಡಾಕ್ಟರ್ ಹತ್ರಾನೇ ಕೇಳಿ ಎಂದು ಫೋನ್ ಇಟ್ಟಳು. ಮೇಸ್ತ್ರಿ ಗೆದ್ದವನ ಹಾಗೆ ಹೊರಗೆ ಹೋದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಹತ್ತಿರ ಕಾಲು ಎಣಿಸಿ ತೋರಿಸಿ ಏನು ಪ್ರಯೋಜನ?

ಬುಟ್ಟಿಯಮ್ಮನಿಗೆ ಸೊಸೆಯ ಮೇಲೆ ಸಿಟ್ಟು ಬರಲಿಲ್ಲ. ಅವಳ ಮಾತು ಒರಟು, ಆದರೆ ಸುಳ್ಳಲ್ಲ. ಮಗನ ವಿಷಯ ಮಾತ್ರ ಬೇರೆ. ಒಂದು ಸಂಜೆ ಅವನು ಮಂಚದ ಅಂಚಿಗೆ ಬಂದು ಕೂತ.

"ಅಮ್ಮ, ನಿನಗೆ ನನ್ನ ಮೇಲೆ ಬೇಜಾರಿಲ್ಲ ತಾನೆ?"

"ಇಲ್ಲಪ್ಪ. ಬೇಡ ಅಂದವಳು ನಾನೇ ಅಲ್ವಾ?"

"ಸೂಜಿ ಅಂದ್ರೆ ನನಗೆ ಮೊದಲಿಂದಲೂ ಆಗಲ್ಲ, ನಿನಗೇ ಗೊತ್ತು."

"ಗೊತ್ತು. ಹೋಗಿ ಊಟ ಮಾಡು."

ಬೇಜಾರಿತ್ತು. ಬೇಡ ಎಂದದ್ದು ನಿಜ. ಆದರೆ ಅವನು ಕೊಡ್ತೀನಮ್ಮ ಎಂದು, ತಾನು ಬೇಡಪ್ಪ ಎಂದಿದ್ದರೆ ಅದರ ಸುಖವೇ ಬೇರೆ ಇರುತ್ತಿತ್ತು. ಕೊಡದೆ ಇದ್ದದ್ದಕ್ಕಲ್ಲ, ಬೇಡ ಎನ್ನುವ ಅವಕಾಶವನ್ನೇ ಕೊಡಲಿಲ್ಲವಲ್ಲ ಎಂದು ಅವಳಿಗೆ ಅಳು ಬಂತು. ಮಲಗಿದವರು ಅತ್ತರೆ ಕಣ್ಣೀರು ಕಿವಿಗೆ ಹೋಗುತ್ತದೆ, ಒರೆಸಿಕೊಳ್ಳುವುದೂ ಒಂದು ಕೆಲಸ.

ಮಗನಿಂದ ಆಗದು ಎಂದು ಖಾತ್ರಿಯಾದ ಮೇಲೆ ಮೇಸ್ತ್ರಿ ಮಗಳಿಗೆ ಫೋನ್ ಮಾಡಲು ಕೂತ. ಮಗಳನ್ನು ಮನೆಯಲ್ಲಿ ಗುಬ್ಬಿ ಎನ್ನುತ್ತಿದ್ದರು. ಒಂದು ಗಂಟೆ ಬಸ್ಸಿನ ದೂರದಲ್ಲಿ ಬೇಕರಿಯವನಿಗೆ ಕೊಟ್ಟಿದ್ದರು. ಮದುವೆಯಾಗಿ ನಾಲ್ಕು ವರ್ಷ, ಎರಡು ಬಸಿರು ನಿಲ್ಲಲಿಲ್ಲ, ಈಗ ಡಾಕ್ಟರ ಹತ್ತಿರ ಹೋಗುತ್ತಿದ್ದರು.

"ಅವಳಿಗೆ ಮಾಡಬೇಡ್ರಿ," ಎಂದಳು ಬುಟ್ಟಿಯಮ್ಮ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತ ಮದುವೆ ದಿನ ನೀವೇ ಹೇಳಿದ್ರಿ. ಈಗ ಅವಳ ಮೂಳೆ ಮಾತ್ರ ನಮ್ಮದಾ?"

"ನಾನು ಕೊಡು ಅನ್ನಲ್ಲ. ಬರೀ ವಿಷಯ ಹೇಳ್ತೀನಿ."

ವಿಷಯ ಹೇಳಿದ ಮಾರನೆಯ ದಿನವೇ ಗುಬ್ಬಿ ಒಂದು ಬ್ಯಾಗು ಹಿಡಿದು ಗೇಟಿನಲ್ಲಿ ನಿಂತಿದ್ದಳು. ತಾಯಿಯ ಹಣೆ ಮುಟ್ಟಿ, ಬ್ಯಾಗನ್ನು ಮಂಚದ ಕೆಳಗೆ ತಳ್ಳಿ, ನೀರು ಕುಡಿದಳು.

"ಗಂಡ ಏನಂದ?"

"ಏನೂ ಅನ್ನಲಿಲ್ಲ."

"ನಿಮ್ಮತ್ತೆ?"

"ಎರಡು ಸಲ ಮಗು ಕಳ್ಕೊಂಡು ಮೈಯಲ್ಲಿ ಏನೂ ಇಲ್ಲ, ಇದ್ದಬದ್ದ ಸತ್ವಾನೂ ತೌರಿಗೆ ಕೊಟ್ಟು ಬರ್ತಾಳಂತೆ ಅಂದ್ರು. ಹೋದ್ರೆ ಹೋದ ಹಾಗೇನೇ ಅಂದ್ರು."

"ಅವನೇನಂದ ಅಂತ ಕೇಳಿದ್ದು ನಾನು."

"ಒಲೆ ಮುಂದೆ ನಿಂತಿದ್ರು. ನಾನು ಹೊರಡುವಾಗ ತಿರುಗಿ ನೋಡ್ಲಿಲ್ಲ."

"ಹುಚ್ಚಿ," ಎಂದಳು ಬುಟ್ಟಿಯಮ್ಮ. "ನನ್ನ ಬೆನ್ನು ನೆಟ್ಟಗಾದ್ರೆ ನಿನ್ನ ಸಂಸಾರ ನೆಟ್ಟಗಾಗತ್ತೇನೇ? ಇವತ್ತೇ ವಾಪಸ್ ಹೋಗು."

"ಹೋಗಲ್ಲ. ನೀನು ಎದ್ದು ನಡೆಯೋದನ್ನ ನೋಡ್ಕೊಂಡೇ ಹೋಗೋದು."

ಮೇಸ್ತ್ರಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಗಳಿಗೆ ದಿನಾ ಹಾಲು, ಎರಡೆರಡು ಮೊಟ್ಟೆ, ಬಾಳೆಹಣ್ಣು. ಕಡ್ಡಿ ಕತ್ತರಿಸುವ ಮುಂಚೆ ತಾಯಿಗಿಡಕ್ಕೆ ಗೊಬ್ಬರ ಹಾಕಬೇಕು ಎನ್ನುವುದು ಅವನ ಶಾಸ್ತ್ರ. ಮೊಟ್ಟೆಗಳೆಲ್ಲ ಒಂದೇ ತಟ್ಟೆಗೆ ಹೋಗುವುದನ್ನು ಸೊಸೆ ನೋಡಿಯೂ ನೋಡದ ಹಾಗೆ ಬಡಿಸುತ್ತಿದ್ದಳು. ಗುಬ್ಬಿ ಅತ್ತಿಗೆಯ ತಟ್ಟೆಗೆ ಒಂದನ್ನು ಹಾಕಿದರೆ, "ನಂಗ್ಯಾಕಪ್ಪ, ನಾನೇನು ಮಜ್ಜೆ ಕೊಡ್ತೀನಾ?" ಎಂದು ಹಿಂದಕ್ಕೆ ಹಾಕುತ್ತಿದ್ದಳು. ಮೊಟ್ಟೆ ಆರಿ ತಣ್ಣಗಾಗುತ್ತಿತ್ತು. ಆಪರೇಶನ್ ಖರ್ಚಿಗೆ ನರ್ಸರಿಯ ಹಿಂಭಾಗದ ಜಾಗವನ್ನು ಮಾರಿ ಬಿಟ್ಟುಕೊಟ್ಟಾಗಿತ್ತು. ಅಲ್ಲಿದ್ದ ಕುಂಡಗಳನ್ನು ಅಂಗಳಕ್ಕೆ ಸಾಗಿಸುವ ಕೆಲಸವೂ ಇಬ್ಬರು ಹೆಂಗಸರ ಮೇಲೇ ಬಿತ್ತು.

ಅಡ್ಮಿಟ್ ಆದ ದಿನ ಇಡೀ ಮನೆಯೇ ವಾರ್ಡಿನಲ್ಲಿತ್ತು. ಡಾಕ್ಟರು ಬಂದು ಎಕ್ಸ್‌ರೇ ಫಿಲ್ಮು ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ಗುಬ್ಬಿ ಮುಂದೆ ಬಂದಳು.

"ಡಾಕ್ಟ್ರೇ, ನಾನು ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ನೀರೂ ಕುಡಿದಿಲ್ಲ."

"ಯಾಕಮ್ಮ, ಹುಷಾರಿಲ್ವಾ?"

"ಮಜ್ಜೆ ಕೊಡೋಳು ನಾನೇ."

ಡಾಕ್ಟರು ಫಿಲ್ಮು ಕೆಳಗಿಳಿಸಿದರು. "ಯಾರ ಮಜ್ಜೆನೂ ಬೇಡಮ್ಮ. ಇವರ ಸೊಂಟದಿಂದ ತೆಗೆದು ಇವರ ಬೆನ್ನಿಗೇ ಹಾಕೋದು. ಇಲ್ಲಿ ನಾವು ಬೇರೆಯವರದ್ದು ಹಾಕಲ್ಲ. ಯಜಮಾನರಿಗೆ ಆವತ್ತೇ ಹೇಳಿದ್ನಲ್ಲ?"

ಎಲ್ಲರೂ ಮೇಸ್ತ್ರಿಯ ಕಡೆ ತಿರುಗಿದರು. ಮೇಸ್ತ್ರಿ ತಡವರಿಸಿದ. "ಅಲ್ಲ ಡಾಕ್ಟ್ರೇ, ಈ ವಯಸ್ಸಿನವಳ ಮಜ್ಜೇಲಿ ಏನು ಸತ್ವ ಇರತ್ತೆ ಅಂತ..."

"ಕಡಿಮೆ ಇರತ್ತೆ. ಅದಕ್ಕೇ ಮಿಶನ್‌ಗೆ ಹಾಕಿ ಒಟ್ಟು ಮಾಡೋದು." ಡಾಕ್ಟರು ಮುಂದಿನ ಮಂಚಕ್ಕೆ ಹೋದರು.

ಮೊದಲು ನಕ್ಕವನು ಮಗ. ತಡೆಯಲಾರದೆ, ಗೋಡೆಗೆ ಕೈಕೊಟ್ಟು ನಕ್ಕ. "ಒಳ್ಳೆ ಕಥೆ ಆಯ್ತಲ್ಲಪ್ಪ. ಒಂದು ತಿಂಗಳಿಂದ ಮನೇಲಿ ಯಾರ ಮುಖ ಯಾರೂ ನೋಡ್ತಿಲ್ಲ." ಆ ನಗೆಯಲ್ಲಿ ಇದ್ದದ್ದು ಬಿಡುಗಡೆ. ಬುಟ್ಟಿಯಮ್ಮ ಅವನನ್ನು ನೋಡಿದಳು, ಮಗಳನ್ನು ನೋಡಿದಳು. ಕೊಡದವನಿಗೆ ಏನೂ ಆಗಲಿಲ್ಲ, ಕೊಡಲು ಬಂದವಳು ಮನೆ ಬಿಟ್ಟು ಬಂದಿದ್ದಾಳೆ. ಸೊಸೆ ಡಬ್ಬಿಯ ಮುಚ್ಚಳ ತೆಗೆದು ಗುಬ್ಬಿಯ ಕೈಗಿಟ್ಟಳು. "ತಿನ್ನಿ. ಹೊಟ್ಟೆ ಖಾಲಿ ಇದೆ," ಎಂದಳು. ಆ ದಿನ ಆ ವಾರ್ಡಿನಲ್ಲಿ ಯಾರಾದರೂ ಆಡಿದ ಉಪಯೋಗದ ಮಾತೆಂದರೆ ಅದೊಂದೇ.

ಆಪರೇಶನ್ ಆಯಿತು. ಸೊಂಟದಲ್ಲಿ ಎರಡು ಸಣ್ಣ ತೂತು, ಬೆನ್ನಿನ ಮೇಲೆ ಹಳೆಯ ಗಾಯದ ಮೇಲೇ ಹೊಸ ಹೊಲಿಗೆ. ಮೂರು ತಿಂಗಳು ಸೊಂಟಕ್ಕೆ ಬಿಗಿದ ಪಟ್ಟಿ ಬಿಚ್ಚಬಾರದು, ಬಗ್ಗಬಾರದು, ಸೊಂಟ ತಿರುಗಿಸಬಾರದು, ಭಾರ ಎತ್ತಬಾರದು, ಬಸ್ಸು ಹತ್ತಬಾರದು. ಒಳಗೆ ಮೂಳೆ ಹೆಣೆದುಕೊಳ್ಳುವ ಕಾಲ ಇದು ಎಂದರು ಡಾಕ್ಟರು. ಮನೆಗೆ ಬಂದ ಮೇಲೆ ಬುಟ್ಟಿಯಮ್ಮ ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಡತೊಡಗಿದಳು. ಕಾಲಿನ ಉರಿ ಕಡಿಮೆಯಾಗಿತ್ತು. ಒಂದು ದಿನ ಯಾರ ಕೈಯೂ ಹಿಡಿಯದೆ ಬಚ್ಚಲಿಗೆ ಹೋಗಿ ಬಂದಳು. ಆ ದಿನ ಸೊಸೆಯೂ ನಕ್ಕಳು.

ಗುಬ್ಬಿಯ ಫೋನ್ ಮಾತ್ರ ಬಾಯಿಗೆ ಬೀಗ ಹಾಕಿಕೊಂಡು ಕೂತಿತ್ತು. ಅವಳು ಕುಂಡಗಳ ನಡುವೆ ಕೂತು ಮಣ್ಣು ಜರಡಿ ಹಿಡಿಯುತ್ತ ಆಗಾಗ ಅದನ್ನು ತೆಗೆದು ನೋಡುತ್ತಿದ್ದಳು. ಕೊನೆಗೆ ಮೇಸ್ತ್ರಿ, ತಪ್ಪು ತನ್ನದು ಎಂದು ಹೇಳಿ ಬರುತ್ತೇನೆಂದು ಬೇಕರಿಗೆ ಹೋದ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮೇಸ್ತ್ರಿಗೆ ಜಗಳ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಬೀಗಿತ್ತಿ ಒಂದು ಮಾತು ಶುರು ಮಾಡಿದ್ದಕ್ಕೆ ಇವನು ನಾಲ್ಕು ಆಡಿ, ಅಂಗಡಿಯ ಗಿರಾಕಿಗಳ ಎದುರು ಕೂಗಾಡಿ, ಕೆಂಪು ಮುಖ ಮಾಡಿಕೊಂಡು ಬಂದ.

"ಮಜ್ಜೆ ಬೇಕಾಗಿರಲಿಲ್ಲ ಅಂತ ಗೊತ್ತಾದ ಮೇಲೆ ಸೊಸೇನ ವಾಪಸ್ ಕೊಡೋಕೆ ಬಂದ್ರಾ ಅಂತ ಕೇಳ್ತಾಳೆ. ನನ್ನ ಮಗಳೇನು ಹಳೇ ಕುಂಡಾನಾ?"

"ಆಮೇಲೆ ಏನಂದ್ರು?"

"ಆಮೇಲಿಂದು ಕೇಳೋಕೆ ನಾನ್ಯಾಕೆ ನಿಲ್ಲಲಿ?"

ಗಿರಾಕಿಯೊಬ್ಬಳ ಬಾಯಿಂದ ಸೊಸೆಯ ಕಿವಿಗೆ ಸುದ್ದಿ ಬಿತ್ತು: ಬೇಕರಿಯವರು ವಕೀಲರನ್ನು ನೋಡಿ ಬಂದರಂತೆ. ಸೊಸೆ ಅದನ್ನು ಪಾತ್ರೆ ತೊಳೆಯುತ್ತ, ಗುಬ್ಬಿ ಇಲ್ಲದಾಗ, ಅತ್ತೆಗೆ ಮಾತ್ರ ಹೇಳಿದಳು. ಬುಟ್ಟಿಯಮ್ಮ ಎರಡು ದಿನ ಲೆಕ್ಕ ಹಾಕಿದಳು. ಮೂಳೆ ಕೂಡುವವರೆಗೆ ಕಾದರೆ ಮಗಳ ಮನೆ ಮುರಿಯುತ್ತದೆ. ಮಗನ ಗಾಡಿ ಕೇಳಿದರೆ ಎಲ್ಲರೂ ಸೇರಿ ಮಂಚಕ್ಕೆ ಕಟ್ಟಿ ಹಾಕುತ್ತಾರೆ. ಮೂರನೆಯ ದಿನ ಸೊಸೆ ಸಂತೆಗೆ ಹೋದಾಗ, ಅಪ್ಪ ಮಗಳು ಹೊರಗೆ ಗಿರಾಕಿಗಳ ಜೊತೆ ಇದ್ದಾಗ, ಪಟ್ಟಿಯ ಮೇಲೆ ಶಾಲು ಹೊದ್ದು ಹಿಂದಿನ ಬಾಗಿಲಿಂದ ರಸ್ತೆಗೆ ಬಂದು ಬಸ್ಸು ಹತ್ತಿದಳು.

ಮುಂದಿನ ಸೀಟು ಸಿಕ್ಕಿತು. ಮೊದಲರ್ಧ ದಾರಿ ಪರವಾಗಿಲ್ಲ, ಆಮೇಲೆ ರಸ್ತೆ ಅಗೆದು ಹಾಕಿದ್ದರು. ಡ್ರೈವರು ಒಂದು ಹಳ್ಳವನ್ನೂ ಬಿಡಲಿಲ್ಲ. ಒಂದು ಉಬ್ಬು ಹಾರಿ ಬಸ್ಸು ಕೆಳಕ್ಕೆ ಕುಕ್ಕಿದಾಗ ಬೆನ್ನೊಳಗೆ ಏನೋ ಕದಲಿತು. ಅವಳು ಎದುರಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು, ಬೇಕರಿಯಲ್ಲಿ ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಒಪ್ಪ ಮಾಡಿಕೊಳ್ಳುತ್ತ ಕೂತಳು.

ಅಳಿಯ ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುತ್ತಿದ್ದ. ಮೊಣಕೈವರೆಗೆ ಮೈದಾ. ಅತ್ತೆಯನ್ನು ನೋಡಿ ಕೈ ಒರೆಸಿಕೊಳ್ಳುವುದನ್ನೂ ಮರೆತ.

"ನೀವು ಹೇಗೆ ಬಂದ್ರಿ ಅತ್ತೆ?"

"ಬಸ್ಸಲ್ಲಿ."

"ಬಸ್ಸಲ್ಲಾ?" ಅವನು ಸ್ಟೂಲು ಎಳೆದ. "ಕೂತ್ಕೊಳ್ಳಿ."

"ಕೂತರೆ ಏಳೋಕಾಗಲ್ಲಪ್ಪ. ನಿಂತೇ ಹೇಳ್ತೀನಿ. ತಪ್ಪು ನಮ್ಮದು. ನಮ್ಮ ಯಜಮಾನರು ಅರ್ಧ ಕೇಳ್ಕೊಂಡು ಬಂದು ಇಷ್ಟೆಲ್ಲ ಮಾಡಿದ್ರು. ಯಾರ ಮಜ್ಜೆನೂ ಬೇಕಾಗಿರಲಿಲ್ಲ. ಅವಳ ಮೈಯಿಂದ ಒಂದು ತೊಟ್ಟು ತೆಗೆದಿಲ್ಲ. ಅವಳನ್ನ ಕರ್ಕೊಂಡು ಬಾ."

ಅವನು ಸ್ವಲ್ಪ ಹೊತ್ತು ಹಿಟ್ಟನ್ನೇ ಒತ್ತಿದ. "ಬೇಕಾಗಿರಲಿಲ್ಲ ಅನ್ನೋದು ಆಮೇಲೆ ಗೊತ್ತಾಗಿದ್ದು ಅತ್ತೆ. ಹೊರಟಾಗ ಬೇಕು ಅಂತಾನೇ ಹೊರಟಳು. ಎರಡು ದಿನ ಇರು, ನಾನೂ ಬರ್ತೀನಿ, ಇಬ್ಬರೂ ಹೋಗಿ ಡಾಕ್ಟರನ್ನೇ ಕೇಳೋಣ ಅಂದೆ. ಕಾಯಲಿಲ್ಲ. ಅವಳೂ ಅವರಪ್ಪನ ಮಗಳೇ."

ಇದನ್ನು ಗುಬ್ಬಿ ಹೇಳಿರಲಿಲ್ಲ. ಅಷ್ಟರಲ್ಲಿ ಬೀಗಿತ್ತಿ ಬಂದಳು. ಮೈಮೇಲೆ ಬೀಳಲು ಸಿದ್ಧಳಾಗಿ ಬಂದವಳು, ಶಾಲಿನ ಕೆಳಗೆ ಪಟ್ಟಿ ಕಂಡು, ಬುಟ್ಟಿಯಮ್ಮನ ಬಿಳಿಚಿದ ಮುಖ ಕಂಡು, ಮೆತ್ತಗಾದಳು.

"ನೋಡಿ, ನಾನೂ ಹೆತ್ತವಳೇ," ಎಂದಳು. "ಕರ್ಕೊಂಡು ಬರಲಿ. ಆದ್ರೆ ಒಂದು ಮಾತು. ಅವಳಿಗೆ ಮತ್ತೆ ಬಸಿರು ನಿಂತರೆ ಅಲುಗಾಡದೆ ಮಲಗಿರಬೇಕು ಅಂದಿದ್ದಾರೆ. ಅಮ್ಮ ಬಿದ್ಲು, ಅಮ್ಮ ಎದ್ದಿಲ್ಲ ಅಂತ ತಿಂಗಳಿಗೊಂದು ಸಲ ಓಡೋ ಹಾಗಿದ್ರೆ ಬರೋದೇ ಬೇಡ. ನಿಮ್ಮ ಮೂಳೆ ಕೂಡಿದೆ ಅಂತ ಡಾಕ್ಟರು ಹೇಳಲಿ, ಮಾರನೇ ದಿನಾನೇ ಇವನು ಬರ್ತಾನೆ."

"ಕೂಡತ್ತೆ," ಎಂದಳು ಬುಟ್ಟಿಯಮ್ಮ. "ಆಗಲೇ ನಡೀತಿದೀನಲ್ಲ."

ವಾಪಸ್ಸು ಅಳಿಯ ಬಾಡಿಗೆ ಗಾಡಿ ಮಾಡಿ ಕಳಿಸಿದ. ಮನೆಯಲ್ಲಿ ಮೇಸ್ತ್ರಿ ರೇಗಿದ, ಮಗ ಕೂಗಾಡಿದ, ಸೊಸೆ ಬಿಸಿನೀರು ಕಾಯಿಸಿದಳು. ಗುಬ್ಬಿ ಅತ್ತಳು, ಬೈದಳು, ಆಮೇಲೆ ತಾಯಿಯ ಕಾಲು ಒತ್ತುತ್ತ ಮೂರು ಸಲ ಕೇಳಿದಳು: "ಅವರು ಏನಂದ್ರು? ಅವರಾಗೇ ಬರ್ತೀನಿ ಅಂದ್ರಾ?" ಮಾರನೆಯ ದಿನ ತಲೆಗೆ ನೀರು ಹಾಕಿಕೊಂಡು, ಬ್ಯಾಗಿನ ಬಟ್ಟೆಗಳನ್ನೆಲ್ಲ ಒಗೆದು ಹರವಿದಳು. ಅಷ್ಟು ದಿನ ಮಗಳು ತನಗಾಗಿ ಇಲ್ಲಿ ಇದ್ದಾಳೆ ಎಂದುಕೊಂಡಿದ್ದ ಬುಟ್ಟಿಯಮ್ಮನಿಗೆ, ಅವಳ ಜೀವ ಎಲ್ಲಿದೆ ಎನ್ನುವುದು ಆ ಹರವಿದ ಬಟ್ಟೆ ನೋಡಿದಾಗ ತಿಳಿಯಿತು.

ಕಾಲಿನ ಉರಿ ವಾರದೊಳಗೆ ಹಿಂದಿರುಗಿತ್ತು. ಅವಳು ಯಾರಿಗೂ ಹೇಳಲಿಲ್ಲ.

ಮೂಳೆ ಕೂಡಿದೆಯೇ ಎಂದು ನೋಡುವ ಸ್ಕ್ಯಾನಿನ ದಿನ ಮಗ ಗಾಡಿಯಲ್ಲಿ ಹಾಸಿಗೆ ಹಾಕಿ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ ಹೊರಗೆ ಗೇಟಿನಲ್ಲಿ ಕಾದ. ಒಳಗೆ ಡಾಕ್ಟರು ಬಹಳ ಹೊತ್ತು ನೋಡಿದರು.

"ಒಂದು ಪಕ್ಕ ಸ್ವಲ್ಪ ಮೂಳೆ ಬಂದಿದೆ. ಇನ್ನೊಂದು ಪಕ್ಕ ಹಿಡಿದಿಲ್ಲ, ಸ್ಕ್ರೂನೂ ಮತ್ತೆ ಸಡಿಲ ಆಗಿದೆ. ಭಾರ ಏನಾದ್ರೂ ಎತ್ತಿದ್ರಾ? ಬಿದ್ರಾ?"

"ಒಂದು ಸಲ ಬಸ್ಸಲ್ಲಿ ಹೋದೆ."

"ಅದರಿಂದಲೇ ಅಂತ ಹೇಳೋಕಾಗಲ್ಲಮ್ಮ. ಹೋಗದೇ ಇದ್ರೂ ಹೀಗಾಗಬಹುದಿತ್ತು. ಈ ಜೀವಕೋಶದಿಂದ ಎಷ್ಟೋ ಜನಕ್ಕೆ ಕೂಡಿದೆ, ಎಲ್ಲರಿಗೂ ಕೂಡಲ್ಲ. ವಯಸ್ಸೂ ಇದೆ."

"ಇನ್ನೊಂದು ಸಲ ಮಾಡಿದ್ರೆ?" ಎಂದ ಮೇಸ್ತ್ರಿ.

"ಸದ್ಯಕ್ಕೆ ನಾನು ಮಾಡಿಸ್ಕೊಳ್ಳಿ ಅನ್ನಲ್ಲ. ಪಟ್ಟಿ ಹಾಕಿರಲಿ. ಆದಷ್ಟು ಮಲಗೇ ಇರಲಿ. ನೋವಿಗೆ ಮಾತ್ರೆ ಬರೀತೀನಿ."

ಮೇಸ್ತ್ರಿ ಈ ಸಲ ಕೊನೆಯವರೆಗೆ ಕೇಳಿದ. ಕಾರಿಡಾರಿನ ಬೆಂಚಿನ ಹತ್ತಿರ ಬಂದು ನಿಂತ. ಬುಟ್ಟಿಯಮ್ಮ ಅವನ ತೋಳು ಹಿಡಿದಳು.

"ಮನೇಲಿ ಕೂಡಿದೆ ಅಂತ ಹೇಳಿ. ಮಗನಿಗೂ ಅಷ್ಟೆ. ಬೇಕರಿಗೆ ಇವತ್ತೇ ಫೋನ್ ಮಾಡಿ."

"ಅಷ್ಟು ದೊಡ್ಡ ಸುಳ್ಳು ನನ್ನ ಕೈಲಿ..."

"ಆವತ್ತು ಗೊತ್ತಿಲ್ಲದೆ ಹೇಳಿದ್ರಿ. ಇವತ್ತು ಗೊತ್ತಿದ್ದು ಹೇಳಿ."

ಮಾರನೆಯ ದಿನ ಹನ್ನೊಂದಕ್ಕೆ ಅಳಿಯ ಬಾಡಿಗೆ ಗಾಡಿಯಲ್ಲಿ ಬಂದ. ಬುಟ್ಟಿಯಮ್ಮ ಬೆಳಿಗ್ಗೆಯೇ ಎರಡು ಮಾತ್ರೆ ನುಂಗಿ, ಪಟ್ಟಿ ಬಿಚ್ಚಿ, ಒಳ್ಳೆಯ ಸೀರೆ ಉಟ್ಟು ತಲೆ ಬಾಚಿಕೊಂಡಿದ್ದಳು. ಅಡುಗೆಮನೆಯಿಂದ ಚಹಾದ ತಟ್ಟೆಯನ್ನು ತಾನೇ ಹಿಡಿದು ತಂದಳು.

"ಅತ್ತೆ, ಕೊಡಿ ಇಲ್ಲಿ, ನಿಮ್ಮ ಮುಖ..." ಎಂದು ಸೊಸೆ ಬಾಗಿಲಲ್ಲಿ ತಡೆದಳು. ದಿನಕ್ಕೆ ಮೂರು ಸಲ ಆ ಮೈಯನ್ನು ಎತ್ತಿದವಳಿಗೆ ಏನು ಮುಚ್ಚಿಡಲಾದೀತು?

"ದಾರಿ ಬಿಡು," ಎಂದಳು ಬುಟ್ಟಿಯಮ್ಮ ಮೆಲ್ಲಗೆ. ಸೊಸೆ ಬಿಟ್ಟಳು.

ಅಳಿಯ ಎದ್ದು ನಿಂತು ಲೋಟ ತೆಗೆದುಕೊಂಡ. "ಪರವಾಗಿಲ್ಲ ಅತ್ತೆ, ಚೆನ್ನಾಗೇ ಓಡಾಡ್ತಿದೀರಿ."

"ಇನ್ನೇನಪ್ಪ, ಮೂಳೆ ಕೂಡಿದ ಮೇಲೆ?" ಎಂದು ಅವಳು ನಕ್ಕಳು. ಮಗ ತಂಗಿಯನ್ನು ಛೇಡಿಸುತ್ತಿದ್ದ: ಬೇಕರಿಗೆ ಹೋಗಿ ನಮ್ಮನ್ನ ಮರೀಬೇಡ, ಆಗಾಗ ಬನ್ ಕಳಿಸು. ಮೇಸ್ತ್ರಿ ಒಂದು ಗುಲಾಬಿ ಗಿಡವನ್ನು ಕುಂಡದ ಸಮೇತ ಗಾಡಿಯಲ್ಲಿಟ್ಟು ಬಂದು ಮೂಲೆಯಲ್ಲಿ ಕೂತಿದ್ದ, ಯಾರ ಮುಖವನ್ನೂ ನೋಡುತ್ತಿರಲಿಲ್ಲ.

ಗೇಟಿನವರೆಗೆ ಬುಟ್ಟಿಯಮ್ಮ ನಡೆದುಕೊಂಡೇ ಹೋದಳು. ಅಳಿಯ ಗಾಡಿ ಹತ್ತಿ ಕೂತ. ಗುಬ್ಬಿ ಬ್ಯಾಗು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ತಾಯಿಯನ್ನು ತಬ್ಬಿದಳು. ಆ ಕೈ ಬೆನ್ನಿನ ಮೇಲೆ ನಿಂತುಬಿಟ್ಟಿತು. ರವಿಕೆ ಪೂರ್ತಿ ಬೆವರಿಗೆ ಒದ್ದೆಯಾಗಿತ್ತು, ಒಳಗೆ ಮೈ ಒಂದೇ ಸಮ ಅದುರುತ್ತಿತ್ತು. ಗುಬ್ಬಿ ಹಿಂದೆ ಸರಿದು ತಾಯಿಯ ಮುಖ ನೋಡಿದಳು. ಅವಳಿಗೆ ಗೊತ್ತಾಯಿತು. ಗೊತ್ತಾದದ್ದು ಬುಟ್ಟಿಯಮ್ಮನಿಗೂ ಗೊತ್ತಾಯಿತು.

"ಅಮ್ಮ," ಎಂದಳು ಗುಬ್ಬಿ.

"ಹೊತ್ತಾಗತ್ತೆ, ಹತ್ತು."

ಬ್ಯಾಗು ಕೆಳಗಿಟ್ಟಾಳು ಎಂದು ಬುಟ್ಟಿಯಮ್ಮನ ಎದೆ ಹಾರಿತು. ಇಡಬಾರದು ಎಂದು ಬಸ್ಸು ಹತ್ತಿದವಳು ಅವಳೇ, ಪಟ್ಟಿ ಬಿಚ್ಚಿಟ್ಟವಳು ಅವಳೇ, ಆದರೂ ಆ ಗಳಿಗೆ ಮಗಳು ಬ್ಯಾಗು ಕೆಳಗಿಡಲಿ ಎಂದು ಅವಳ ಜೀವ ಬೇಡಿಕೊಂಡಿತು. ಗುಬ್ಬಿ ಗಾಡಿಯ ಕಡೆ ನೋಡಿದಳು. ಬ್ಯಾಗನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು.

"ಹುಷಾರಾಗಿರಮ್ಮ," ಎಂದಳು, ನೆಲ ನೋಡುತ್ತ. "ಹೋಗಿ ಬರ್ತೀನಿ."

"ಹೋಗಿ ಬಾ."

ಗಾಡಿ ಹೊರಟಿತು. ಬುಟ್ಟಿಯಮ್ಮ ಗೇಟಿನ ಸರಳು ಹಿಡಿದು ಒಂದು ಕೈ ಬೀಸುತ್ತ ನಿಂತಳು. ಗುಬ್ಬಿ ಹಿಂದಿನ ಗಾಜಿನಿಂದ ನೋಡುತ್ತಿದ್ದಳೋ ಇಲ್ಲವೋ ಕಾಣಲಿಲ್ಲ. ಮೇಸ್ತ್ರಿ ಬಂದು ಪಕ್ಕದಲ್ಲಿ ನಿಂತು ಕೈ ಚಾಚಿದ.

"ಇನ್ನೂ ಬೇಡ," ಎಂದಳು ಅವಳು ಹಲ್ಲುಕಚ್ಚಿ. "ಗಾಡಿ ತಿರುವು ದಾಟಿತಾ ನೋಡಿ. ನನಗೆ ಕಣ್ಣು ಮಂಜು."

"ದಾಟಿತು."

"ಸರಿ. ಈಗ ಹಿಡ್ಕೊಳ್ಳಿ."